ಅಗ್ಗದ ಬರ್ಬನ್‌ಗೆ ಎರಡು ಪರೀಕ್ಷೆ



ಈ ವಿಚಾರ ಸಂಕಿರಣದ ವಿಷಯ ಮದ್ಯದ ರುಚಿ ಪರೀಕ್ಷೆ. ಅದರಲ್ಲಿ ಒಂದು ಸಣ್ಣ ಭಾಗವನ್ನಷ್ಟೇ ನಾನು ಎತ್ತಿಕೊಳ್ಳುತ್ತೇನೆ. ಅಮೆರಿಕದಲ್ಲಿ ಇಪ್ಪತ್ತು ಮೂವತ್ತು ಡಾಲರಿಗೆ ಸಿಗುವ ಬರ್ಬನ್ ವಿಸ್ಕಿಯ ಗುಣವನ್ನು ಅಳೆಯುವುದು ಹೇಗೆ? ಅಪರೂಪದ, ದುಬಾರಿ ಬಾಟಲಿಗಳನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮನೆಯಲ್ಲಿ ಸಂಜೆ ಒಂದು ಪೆಗ್ ಸುರಿದುಕೊಳ್ಳುವವರು, ಬಾರಿಗೆ ಪೆಟ್ಟಿಗೆಗಟ್ಟಲೆ ತರಿಸುವವರು ಕೈಹಾಕುವುದು ಈ ಸಾಲಿಗೇ. ಇದನ್ನು ದುಬಾರಿ ಮಾಲಿನ ಕೆಳದರ್ಜೆ ಎಂದುಕೊಂಡು ಅಂಕ ಕೊಡುವ ರೂಢಿ ನಮ್ಮಲ್ಲಿದೆ. ಆ ರೂಢಿ ಬಿಡಬೇಕು ಎಂದು ಕೇಳಿಕೊಳ್ಳಲು ಬಂದಿದ್ದೇನೆ.

ಮೊದಲು ಕಾನೂನು ನೋಡೋಣ. ಬರ್ಬನ್‌ನ ಮಟ್ಟಿಗೆ ಬಡವರಿಗೂ ಸಿರಿವಂತರಿಗೂ ಒಂದೇ ಕಾನೂನು. ಧಾನ್ಯದಲ್ಲಿ ಕನಿಷ್ಠ ಶೇ. 51 ಮುಸುಕಿನ ಜೋಳ ಇರಬೇಕು. ಭಟ್ಟಿ ಇಳಿಸುವಾಗ ಆಲ್ಕೊಹಾಲ್ ಶೇ. 80 ದಾಟಬಾರದು, ಪೀಪಾಯಿಗೆ ತುಂಬುವಾಗ ಶೇ. 62.5 ಮೀರಬಾರದು. ಪೀಪಾಯಿ ಹೊಸದಾಗಿರಬೇಕು, ಅದರ ಒಳಮೈ ಸುಟ್ಟು ಕರಿಯಾಗಿರಬೇಕು. ಬಣ್ಣ, ಪರಿಮಳ ಬೆರೆಸುವಂತಿಲ್ಲ. ಬಾಟಲಿಗೆ ಹೋಗುವಾಗ ಆಲ್ಕೊಹಾಲ್ ಶೇ. 40ಕ್ಕಿಂತ ಇಳಿಯಬಾರದು. ಹೊಸ ಪೀಪಾಯಿಯ ಖರ್ಚು ಅಗ್ಗದ ಬಾಟಲಿಗೂ ತಪ್ಪಿದ್ದಲ್ಲ. ಹಾಗಾಗಿ ಇಲ್ಲಿ ಅಗ್ಗ ಎಂದರೆ ಕಲಬೆರಕೆ ಅಲ್ಲ. ಕಡಿಮೆ ವಯಸ್ಸು, ಹೆಚ್ಚು ನೀರು, ದೊಡ್ಡ ಪ್ರಮಾಣದ ತಯಾರಿಕೆ, ಅಷ್ಟೇ.

ಲೇಬಲ್ ಓದಲು ಬಂದರೆ ಅರ್ಧ ಪರೀಕ್ಷೆ ಅಂಗಡಿಯಲ್ಲೇ ಮುಗಿಯುತ್ತದೆ. ‘ಸ್ಟ್ರೇಟ್’ ಎಂದು ಬರೆದಿದ್ದರೆ ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿ ಇದ್ದದ್ದು. ನಾಲ್ಕು ವರ್ಷ ತುಂಬಿರದಿದ್ದರೆ ವಯಸ್ಸನ್ನು ಅಚ್ಚುಹಾಕಲೇಬೇಕು. ಅಂದರೆ ವಯಸ್ಸು ನಮೂದಿಸದ ಸ್ಟ್ರೇಟ್ ಬರ್ಬನ್‌ಗೆ ನಾಲ್ಕು ವರ್ಷವಾದರೂ ಆಗಿದೆ ಎಂದೇ ಲೆಕ್ಕ. ಇನ್ನು ‘ಬಾಟಲ್ಡ್ ಇನ್ ಬಾಂಡ್’ ಎಂಬ ಮಾತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ವಿಸ್ಕಿಗೆ ಹೊಗೆಸೊಪ್ಪಿನ ರಸ ಬೆರೆಸಿ ಬಣ್ಣ ಬರಿಸುವ ದಂಧೆ ಇತ್ತು. ಕೆಂಟಕಿ ರಾಜ್ಯದ ವಿಸ್ಕಿ ತಯಾರಕ ಕರ್ನಲ್ ಇ. ಎಚ್. ಟೇಲರ್ ಮೊದಲಾದವರ ಒತ್ತಾಯದಿಂದ 1897ರಲ್ಲಿ ಕಾಯ್ದೆಯೇ ಬಂತು. ಅದರ ಷರತ್ತುಗಳು ಇವು: ಒಂದೇ ಡಿಸ್ಟಿಲರಿ, ಒಂದೇ ಹಂಗಾಮು, ಸರ್ಕಾರದ ಉಸ್ತುವಾರಿಯ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ, ಬಾಟಲಿಯಲ್ಲಿ ಸರಿಯಾಗಿ 100 ಪ್ರೂಫ್, ಅಂದರೆ ಶೇ. 50. ಎವನ್ ವಿಲಿಯಮ್ಸ್ ಬರ್ಬನ್‌ನ ಬಿಳಿ ಲೇಬಲ್ ಈ ವರ್ಗದ್ದು. ಅಲ್ಲಿನ ಅಂಗಡಿಯಲ್ಲಿ ಅದು ಇಪ್ಪತ್ತು ಡಾಲರಿನ ಆಸುಪಾಸು. ಆ ದುಡ್ಡಿಗೆ ಅಷ್ಟು ಖಾತರಿ ಕೊಡುವ ಮದ್ಯ ಇನ್ನೊಂದಿದೆ ಎಂದು ನನಗನಿಸುವುದಿಲ್ಲ.

ಈಗ ಲೋಟಕ್ಕೆ ಬರೋಣ. ಗುಟುಕರಿಸಿ ನೋಡುವ ಪರೀಕ್ಷೆಗೆ ಬಾಯಿ ಕಿರಿದಾದ ಲೋಟದಲ್ಲಿ ಹದಿನೈದು ಎಂ.ಎಲ್. ಸಾಕು, ಉಗುಳಲು ಪಕ್ಕದಲ್ಲೊಂದು ಪಾತ್ರೆ ಇರಲೇಬೇಕು. ಸುರಿದು ಐದಾರು ನಿಮಿಷ ಬಿಡಿ. ಮೂಗನ್ನು ಲೋಟದೊಳಗೆ ತೂರಿಸಬೇಡಿ. ಬಾಯಿ ತುಸು ತೆರೆದು ಅಂಚಿನಲ್ಲಿ ಮೂಸಿದರೆ ಸ್ಪಿರಿಟ್ಟಿನ ಘಾಟು ಹಿಂದೆ ಸರಿದು ಉಳಿದದ್ದು ಮುಂದೆ ಬರುತ್ತದೆ. ವೆನಿಲ್ಲಾ, ಕಂದಿದ ಸಕ್ಕರೆ, ಲವಂಗ, ಕೊಬ್ಬರಿ ಇವೆಲ್ಲ ಓಕ್ ಮರದ ಕೊಡುಗೆ. ಕೆಂಟಕಿಯ ಬೇಸಿಗೆಗೆ ಮದ್ಯ ಹಿಗ್ಗಿ ಮರದೊಳಗೆ ನುಗ್ಗುತ್ತದೆ, ಚಳಿಗೆ ಕುಗ್ಗಿ ಹಿಂದಕ್ಕೆ ಬರುತ್ತದೆ, ಬರುವಾಗ ಮರದ ರಸ ತರುತ್ತದೆ. ಈ ಕೆಲಸ ಪೂರ್ತಿಯಾಗದ ಎಳೆಯ ಬರ್ಬನ್‌ನಲ್ಲಿ ಹಸಿ ಜೋಳದ ವಾಸನೆ ಇರುತ್ತದೆ, ಕೆಲವೊಮ್ಮೆ ಉಗುರುಬಣ್ಣದ ಸೀಸೆ ತೆರೆದಂಥ ವಾಸನೆ. ಮೊದಲನೆಯದನ್ನು ನಾನು ಮನ್ನಿಸುತ್ತೇನೆ, ಎರಡನೆಯದನ್ನು ಇಲ್ಲ. ಆಮೇಲೆ ನಾಲಿಗೆ. ಮೊದಲ ಗುಟುಕು ಬಾಯನ್ನು ಒಗ್ಗಿಸುವುದಕ್ಕಷ್ಟೇ, ಅದಕ್ಕೆ ಅಂಕ ಬೇಡ. ಎರಡನೆಯದರಲ್ಲಿ ಸಿಹಿ ಎಲ್ಲಿ ನಿಂತಿತು, ಒಗರು ಯಾವಾಗ ಬಂತು, ಉಗುಳಿದ ಮೇಲೆ ಎಷ್ಟು ಹೊತ್ತು ಏನು ಉಳಿಯಿತು ಎಂದು ಬರೆದುಕೊಳ್ಳಿ. ಕೊನೆಗೆ ಕೆಲವು ಹನಿ ನೀರು ಹಾಕಿ ಮತ್ತೆ ನೋಡಿ. ನೀರಿಗೆ ಕೂಡಲೇ ತೆಳುವಾಗಿ ಹೋಗುವ ಬರ್ಬನ್ ಮುಂದಿನ ಪರೀಕ್ಷೆಯಲ್ಲಿ ನಿಲ್ಲುವುದು ಕಷ್ಟ.

ಆ ಮುಂದಿನ ಪರೀಕ್ಷೆ ಮಿಶ್ರಣದ್ದು, ಅಂದರೆ ಕಾಕ್‌ಟೇಲಿನದು; ನಮ್ಮ ತರಗತಿಗಳಲ್ಲಿ ಹೆಚ್ಚು ಉಪೇಕ್ಷೆಗೆ ಒಳಗಾದದ್ದೂ ಅದೇ. ಓಲ್ಡ್ ಫ್ಯಾಷನ್ಡ್ ತೆಗೆದುಕೊಳ್ಳಿ: 60 ಎಂ.ಎಲ್. ಬರ್ಬನ್, ಒಂದು ಚಮಚ ಸಕ್ಕರೆ ಪಾಕ, ಎರಡು ಮೂರು ತೊಟ್ಟು ಬಿಟರ್ಸ್, ಮೇಲೆ ಕಿತ್ತಳೆ ಸಿಪ್ಪೆ. ಮಂಜುಗಡ್ಡೆಯ ಜೊತೆ ಕಲಕುವಾಗ ಸುಮಾರು 25 ಎಂ.ಎಲ್. ನೀರು ಸೇರುತ್ತದೆ ಎಂದಿಟ್ಟುಕೊಳ್ಳಿ. ಶೇ. 40ರ ಬರ್ಬನ್ ಆಗ ಶೇ. 27ರ ಹತ್ತಿರಕ್ಕೆ ಇಳಿಯುತ್ತದೆ, ಶೇ. 50ರದ್ದು ಶೇ. 33ರಲ್ಲಿ ನಿಲ್ಲುತ್ತದೆ. ವಿಸ್ಕಿ ಸಾರ್‌ನಲ್ಲಿ ನಿಂಬೆರಸ, ಪಾಕ, ಕರಗಿದ ಮಂಜು ಎಲ್ಲ ಸೇರಿ ಲೋಟ 150 ಎಂ.ಎಲ್. ಮುಟ್ಟಿದರೆ ಅವೇ ಎರಡು ಶೇ. 16 ಮತ್ತು ಶೇ. 20. ನಿಂಬೆಯ ಹುಳಿಗೆ ಎದುರಾಗಿ ನಿಲ್ಲಲು ಆ ನಾಲ್ಕು ಅಂಶ ಬೇಕೇ ಬೇಕು. ಹಾಗಾಗಿ ಬರಿದೇ ಕುಡಿದಾಗ ಒರಟು ಅನ್ನಿಸಿದ್ದು ಇಲ್ಲಿ ಬೆನ್ನೆಲುಬಾಗುತ್ತದೆ. ಶೇ. 50.5ರ ವೈಲ್ಡ್ ಟರ್ಕಿ 101, ಶೇ. 27 ರೈ ಧಾನ್ಯದಿಂದ ಖಾರವಾಗಿರುವ ಓಲ್ಡ್ ಗ್ರ್ಯಾಂಡ್-ಡ್ಯಾಡ್ ಬಾಂಡೆಡ್ ಇವನ್ನು ಮಿಶ್ರಣಕ್ಕೆ ನಾನು ಧೈರ್ಯವಾಗಿ ಸೂಚಿಸುತ್ತೇನೆ. ರೈ ಬದಲು ಗೋಧಿ ಹಾಕಿದ ಮೇಕರ್ಸ್ ಮಾರ್ಕ್ ಬರಿದೇ ಗುಟುಕರಿಸಲು ಎಷ್ಟು ಮೃದುವೋ, ಬಿಟರ್ಸ್ ಮತ್ತು ಸಿಪ್ಪೆಯ ಎಣ್ಣೆಯ ನಡುವೆ ಅಷ್ಟೇ ಸಂಕೋಚದ್ದು. ಇದು ಅದರ ದೋಷವಲ್ಲ, ನಾವು ಕೊಟ್ಟ ಕೆಲಸ ಬೇರೆ.

ನಮ್ಮ ಊರಿನ ಮಾತು ಒಂದಿಷ್ಟು. ಕೆಂಟಕಿಯವರಿಗೆ ಬರ್ಬನ್‌ಗೆ ಎರಡನೇ ಸಲ ಬಳಸಲಾಗದ ಪೀಪಾಯಿಗಳಲ್ಲಿ ಕೆಲವು ಬೆಂಗಳೂರಿಗೆ ಬಂದು ಅಮೃತ್ ಡಿಸ್ಟಿಲರಿಯ ಸಿಂಗಲ್ ಮಾಲ್ಟ್‌ಗೆ ವೆನಿಲ್ಲಾ ಕೊಡುತ್ತಿವೆ. ಆದ್ದರಿಂದ ಬರ್ಬನ್ ಅರಿತವರಿಗೆ ನಮ್ಮ ಮಾಲ್ಟ್ ಕೂಡ ಹೆಚ್ಚು ತಿಳಿಯುತ್ತದೆ. ಬೆಲೆಯ ಸಂಗತಿ ಬೇರೆ. 2025ರ ಫೆಬ್ರವರಿಯಲ್ಲಿ ಕೇಂದ್ರವು ಬರ್ಬನ್ ಆಮದಿನ ಮೇಲಿನ ಒಟ್ಟು ಸುಂಕವನ್ನು ಶೇ. 150ರಿಂದ ಶೇ. 100ಕ್ಕೆ ಇಳಿಸಿತು. ಆದರೂ ಸುಂಕ ಅಷ್ಟು, ಅದರ ಮೇಲೆ ರಾಜ್ಯದ ಅಬಕಾರಿ ತೆರಿಗೆ. ಅಲ್ಲಿ ದಿನಬಳಕೆಯ ಬಾಟಲಿ ಇಲ್ಲಿ ಉಡುಗೊರೆಯ ಬಾಟಲಿಯಾಗುತ್ತದೆ, ಬೆಲೆ ಏರಿದ್ದಕ್ಕೆ ನಾಲಿಗೆಯೂ ಅಂಕ ಏರಿಸುತ್ತದೆ. ಇದಕ್ಕೆ ಮದ್ದು ಒಂದೇ, ಬಾಟಲಿ ಮುಚ್ಚಿಟ್ಟು ಸುರಿಯುವುದು. ಮೂರು ಲೋಟ ಇಟ್ಟು, ಎರಡರಲ್ಲಿ ಒಂದೇ ಬರ್ಬನ್ ಹಾಕಿ, ಬೇರೆಯದು ಯಾವುದು ಎಂದು ಮೊದಲು ಕೇಳಿ. ಗುರುತಿಸಲಾಗದವರು ಆ ಜೋಡಿಗೆ ಅಂಕ ಕೊಡುವುದು ಬೇಡ. ಬೆಲೆಯನ್ನು ಕಡೆಯಲ್ಲಿ ತಿಳಿಸಿ, ಆಗ ಬೇಕಾದರೆ ಈ ದುಡ್ಡಿಗೆ ಇದು ಸರಿಯೇ ಎಂದು ಬೇರೆ ಸಾಲಿನಲ್ಲಿ ಬರೆಯಲಿ.

ಮಧ್ಯಾಹ್ನದ ಗೋಷ್ಠಿಯಲ್ಲಿ ನೀವು ಅಂಕಪಟ್ಟಿಯ ಕರಡು ತಯಾರಿಸುತ್ತೀರಿ. ಬರಿದೇ ಕುಡಿದದ್ದಕ್ಕೆ ಒಂದು ಪುಟ, ಮಿಶ್ರಣಕ್ಕೆ ಇನ್ನೊಂದು ಪುಟ ಇರಲಿ ಎಂಬುದು ನನ್ನ ಸಲಹೆ. ಆ ಎರಡನ್ನು ಕೂಡಿಸಿ ಸರಾಸರಿ ಮಾತ್ರ ತೆಗೆಯಬೇಡಿ. ಒಂದರಲ್ಲಿ ಒಂಬತ್ತು, ಇನ್ನೊಂದರಲ್ಲಿ ಐದು ಪಡೆದ ಬರ್ಬನ್‌ಗೆ ಏಳು ಎಂದು ಬರೆದರೆ, ಅದನ್ನು ಕೊಳ್ಳುವ ಬಾರಿನವರಿಗೂ ಮನೆಯವರಿಗೂ ಬೇಕಾದ ಮಾತನ್ನೇ ಅಳಿಸಿದಂತಾಗುತ್ತದೆ.