ಗೋಸುಂಬೆ ಮಿಡತೆ: ಹಾರಲಾರದ ಜೀವಿ ಮತ್ತು ಅದರ ಬೆಟ್ಟ

ಗೋಸುಂಬೆ ಮಿಡತೆ ಆಸ್ಟ್ರೇಲಿಯಾದ ಆಗ್ನೇಯ ಭಾಗದ ಎತ್ತರದ ಬೆಟ್ಟಗಳಲ್ಲಿ ಮಾತ್ರ ಕಾಣಸಿಗುವ ಕೀಟ. ವೈಜ್ಞಾನಿಕ ಹೆಸರು ಕೊಸಿಯಸ್ಕೋಲಾ ಟ್ರಿಸ್ಟಿಸ್. ಸ್ವೀಡನ್ನಿನ ಕೀಟಶಾಸ್ತ್ರಜ್ಞ ಇಂಗ್ವೆ ಷೋಸ್ಟೆಟ್ 1930ರ ದಶಕದಲ್ಲಿ ಇದನ್ನು ಮೊದಲು ವಿವರಿಸಿದರು. ಕುಲದ ಹೆಸರು ಬಂದಿರುವುದು 2228 ಮೀಟರ್ ಎತ್ತರದ ಕೊಸಿಯಸ್ಕೊ ಶಿಖರದಿಂದ. ಆಸ್ಟ್ರೇಲಿಯಾದ ಮುಖ್ಯ ಭೂಭಾಗದಲ್ಲಿ ಇದಕ್ಕಿಂತ ಎತ್ತರದ ಶಿಖರವಿಲ್ಲ.

ಈ ಬೆಟ್ಟಸಾಲಿನಲ್ಲಿ ಸುಮಾರು 1800 ಮೀಟರ್ ದಾಟಿದ ಮೇಲೆ ಮರಗಳು ನಿಲ್ಲುತ್ತವೆ. ಕೊನೆಯವರೆಗೂ ಜೊತೆಗೆ ಬರುವುದು ಹಿಮ ತಾಳಬಲ್ಲ ಒಂದು ಜಾತಿಯ ನೀಲಗಿರಿ ಮರ. ಅದರಾಚೆ ದಟ್ಟವಾಗಿ ಕುಚ್ಚುಕಟ್ಟಿ ಬೆಳೆಯುವ ಹುಲ್ಲು, ಹೂಬಿಡುವ ಕಿರುಗಿಡಗಳು, ಕುರುಚಲು ಪೊದೆ, ಅಲ್ಲಲ್ಲಿ ಜೌಗು ನೆಲ. ಚಳಿಗಾಲದಲ್ಲಿ ಇದೆಲ್ಲ ತಿಂಗಳುಗಟ್ಟಲೆ ಹಿಮದಡಿ ಹುದುಗಿರುತ್ತದೆ. ಬೇಸಿಗೆಯ ಹಗಲು ಬಿಸಿಲು ಚುರುಗುಟ್ಟಿದರೂ ರಾತ್ರಿ ಕೊರೆಯುವ ಚಳಿ ಬೀಳುತ್ತದೆ.

ಮಿಡತೆಯ ಬಾಳು ಈ ಋತುಚಕ್ರಕ್ಕೆ ಹೊಂದಿಕೊಂಡಿದೆ. ಹೆಣ್ಣು ಹೊಟ್ಟೆಯ ತುದಿಯನ್ನು ಮಣ್ಣಿಗೆ ಇಳಿಸಿ ಮೊಟ್ಟೆಯಿಡುತ್ತದೆ. ಮೊಟ್ಟೆಗಳು ಹಿಮದ ಹೊದಿಕೆಯಡಿ ಚಳಿಗಾಲ ಕಳೆದು, ಹಿಮ ಕರಗಿದ ಮೇಲೆ ಒಡೆಯುತ್ತವೆ. ಮರಿಗಳು ಹಲವು ಸಲ ಪೊರೆ ಕಳಚಿ ಬೇಸಿಗೆಯ ನಡುವಿಗೆ ಪ್ರೌಢವಾಗುತ್ತವೆ. ಮುಂದಿನ ಚಳಿಗಾಲ ಬರುವಷ್ಟರಲ್ಲಿ ಆ ಪೀಳಿಗೆ ಮುಗಿದಿರುತ್ತದೆ. ಪ್ರೌಢ ಮಿಡತೆಗೂ ಇರುವುದು ಹಾರಲು ಬಾರದ ಮೋಟು ರೆಕ್ಕೆ. ರೆಕ್ಕೆಯನ್ನೂ ಅದನ್ನು ಬಡಿಯುವ ಸ್ನಾಯುಗಳನ್ನೂ ಬೆಳೆಸಲು ಕೀಟ ಬಹಳಷ್ಟು ಶಕ್ತಿ ವ್ಯಯಿಸಬೇಕಾಗುತ್ತದೆ. ಗಾಳಿ ಬಿರುಸಾಗಿ ಬೀಸುವ, ಬೆಚ್ಚನೆಯ ದಿನಗಳು ಕಡಿಮೆಯಿರುವ ಶಿಖರಗಳಲ್ಲಿ ಆ ಶಕ್ತಿ ಬೆಳವಣಿಗೆಗೂ ಸಂತಾನಕ್ಕೂ ಸಂದರೆ ಹೆಚ್ಚು ಲಾಭ. ಹಲವು ದೇಶಗಳ ಪರ್ವತ ಕೀಟಗಳು ಹಾರಾಟ ಬಿಟ್ಟದ್ದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ ಇದು.

ಗಂಡಿನ ಬಣ್ಣ ಬದಲಾವಣೆ ಈ ಜೀವಿಯ ಅತಿ ವಿಶಿಷ್ಟ ಗುಣ. ಮೈಯ ತಾಪ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದಾಗ ಅದು ಹೆಚ್ಚುಕಡಿಮೆ ಕಪ್ಪು. 25 ಡಿಗ್ರಿ ದಾಟಿದರೆ ಹೊಳೆಯುವ ಹಸಿರುನೀಲಿ. ಮುಂಜಾನೆ ಹುಲ್ಲಿನ ಬುಡದಲ್ಲಿ ಮಸಿಯಂತೆ ಕೂತ ಗಂಡು, ಬಿಸಿಲೇರಿದಂತೆ ನವಿಲುಬಣ್ಣಕ್ಕೆ ತಿರುಗುತ್ತದೆ. 1954ರಲ್ಲಿ ಕೀ ಮತ್ತು ಡೇ ಎಂಬ ಆಸ್ಟ್ರೇಲಿಯನ್ ಸಂಶೋಧಕರು ಇದು ತಾಪಮಾನದ ಹಿಡಿತದಲ್ಲಿರುವ ಕ್ರಿಯೆಯೆಂದು ತೋರಿಸಿದರು. ಹೊರಕವಚದಡಿಯ ಜೀವಕೋಶಗಳಲ್ಲಿ ಎರಡು ಬಗೆಯ ಕಣಗಳಿವೆ: ದೊಡ್ಡವು ಕಡುಗಂದು, ಸಣ್ಣವು ನೀಲಿ ಬೆಳಕನ್ನು ಚದುರಿಸುವಂಥವು. ಬಿಸಿಯೇರಿದಾಗ ಸಣ್ಣ ಕಣಗಳು ಮೇಲಕ್ಕೆ ಬರುತ್ತವೆ, ಕಂದು ಕಣಗಳು ಒಳಗೆ ಸರಿಯುತ್ತವೆ. ತಣ್ಣಗಾದಾಗ ಕಂದು ಕಣಗಳು ಮತ್ತೆ ಮೇಲೆ ಹರಡಿ ಮೈ ಕಪ್ಪಾಗುತ್ತದೆ. ಕಪ್ಪಿನಿಂದ ನೀಲಿಗೆ ತಿರುಗುವುದು ಬೇಗ. ನೀಲಿಯಿಂದ ಕಪ್ಪಿಗೆ ಮರಳುವುದು ಬಹಳ ನಿಧಾನ.

ಕಪ್ಪು ಮೈ ಬಿಸಿಲನ್ನು ಹೆಚ್ಚು ಹೀರಿ ಬೇಗ ಬೆಚ್ಚಗಾಗಲೆಂದೇ ಈ ಏರ್ಪಾಡು ಎಂದು ಊಹಿಸುವುದು ಸಹಜ. ಆದರೆ ಸಂಶೋಧಕಿ ಕೇಟ್ ಅಂಬರ್ಸ್ ಮತ್ತು ಸಂಗಡಿಗರು ಅಳೆದು ನೋಡಿದಾಗ ಎರಡು ಬಣ್ಣಗಳ ನಡುವೆ ಕಂಡ ತಾಪವ್ಯತ್ಯಾಸ ತೀರಾ ಅಲ್ಪ. ಬಣ್ಣವಷ್ಟೇ ಅಲ್ಲ, ಗಂಡುಗಳ ನಡವಳಿಕೆಯೂ ವಿಶಿಷ್ಟ: ಇದೇ ತಂಡ 2012ರಲ್ಲಿ ಅವುಗಳ ಕಾದಾಟವನ್ನು ವಿವರವಾಗಿ ದಾಖಲಿಸಿತು. ಮೊಟ್ಟೆಯಿಡುತ್ತಿರುವ ಹೆಣ್ಣಿನ ಸುತ್ತ ನೆರೆದ ಗಂಡುಗಳು ದವಡೆ ಅಗಲಿಸಿ ಬೆದರಿಸುತ್ತವೆ, ಒದೆಯುತ್ತವೆ, ಕಚ್ಚಾಡುತ್ತವೆ. ಮಿಡತೆಗಳಲ್ಲಿ ಇಷ್ಟು ಉಗ್ರ ಕಾದಾಟ ಅಪರೂಪ.

ಹಾರಲಾರದ ಜೀವಿಗೆ ಎರಡು ಶಿಖರಗಳ ನಡುವಿನ ಬೆಚ್ಚನೆಯ ಕಣಿವೆ ದಾಟಲಾಗದ ಗಡಿ. ಹಾಗಾಗಿ ಬೇರೆ ಬೇರೆ ಬೆಟ್ಟಗಳ ಗೋಸುಂಬೆ ಮಿಡತೆಗಳು ದೀರ್ಘಕಾಲ ಪ್ರತ್ಯೇಕವಾಗಿ ಉಳಿದು, ಅವುಗಳ ವಂಶವಾಹಿಗಳಲ್ಲಿ ಆಳವಾದ ವ್ಯತ್ಯಾಸ ಮೂಡಿದೆ. ಒಂದು ಬೆಟ್ಟದಲ್ಲಿ ಅಳಿದರೆ ಇನ್ನೊಂದರಿಂದ ಬಂದು ನೆಲೆಸುವುದು ಸುಲಭವಲ್ಲ.

ಭೂತಾಪ ಏರಿದಂತೆ ಹಿಮದ ಹೊದಿಕೆ ತೆಳುವಾಗಿ ಬೇಗ ಕರಗುತ್ತದೆ. ತಣ್ಣನೆಯ ವಲಯ ಮೇಲಕ್ಕೆ ಸರಿಯುತ್ತದೆ. ಆಸ್ಟ್ರೇಲಿಯಾದ ಬೆಟ್ಟಗಳು ತಗ್ಗಾದ್ದರಿಂದ ಮೇಲೆ ಸರಿಯಲು ಹೆಚ್ಚು ಜಾಗವಿಲ್ಲ. ಕಾಡುಬಿದ್ದ ಕುದುರೆಗಳ ತುಳಿತ, ಕಾಳ್ಗಿಚ್ಚು ಅಲ್ಲಿನ ಹುಲ್ಲುನೆಲವನ್ನು ಇನ್ನಷ್ಟು ಕುಂದಿಸುತ್ತವೆ. ಕೊಸಿಯಸ್ಕೊ ಪ್ರದೇಶ ರಾಷ್ಟ್ರೀಯ ಉದ್ಯಾನವಾಗಿರುವುದು ದೊಡ್ಡ ಆಸರೆ. ಆದರೆ ಗಡಿ ಗುರುತಿಸಿದ ಮಾತ್ರಕ್ಕೆ ಅಲ್ಲಿನ ಚಳಿ ಉಳಿಯುವುದಿಲ್ಲ. ಹುಲ್ಲು, ಹಿಮ, ಮಣ್ಣು ಮೂರೂ ಉಳಿದರೆ ಮಾತ್ರ ಈ ಮಿಡತೆ ಉಳಿದೀತು.