ಪ್ರೋಟೀನ್ ತೋರಿಸದೆ ಬದುಕುವ ವೈರಸ್

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ದಿನವಿಡೀ ಕೋಡ್ ಬರೆಯೋನು. ಆದರೆ ಇವತ್ತಿನ ಕಥೆಯಲ್ಲಿ ನಮ್ಮ ಕಸುಬಿನವರು ಗಮನಿಸಬೇಕಾದ ಒಂದು ವಿಷಯ ಇದೆ.

ಎಪ್‌ಸ್ಟೀನ್-ಬಾರ್ ವೈರಸ್ ಹೆಸರು ಕೇಳಿರಬಹುದು. ಬರ್ಕಿಟ್ ಲಿಂಫೋಮಾ ಅನ್ನೋ ಕ್ಯಾನ್ಸರ್ ಉಗಾಂಡಾದ ಮಕ್ಕಳಲ್ಲಿ ಕಾಣಿಸ್ತಿತ್ತು. ಅಲ್ಲಿಂದ ಲಂಡನ್ನಿಗೆ ಬಂದ ಗಡ್ಡೆಯ ಜೀವಕೋಶಗಳಲ್ಲಿ 1964ರಲ್ಲಿ ಎಪ್‌ಸ್ಟೀನ್, ಅಚಾಂಗ್ ಮತ್ತು ಬಾರ್ ಈ ವೈರಸ್ಸನ್ನು ಕಂಡುಹಿಡಿದರು. ಪ್ರಪಂಚದ ವಯಸ್ಕರಲ್ಲಿ 90%ಗಿಂತ ಹೆಚ್ಚು ಜನರ ಮೈಯಲ್ಲಿ ಇದು ಇದೆ. ನನ್ನಲ್ಲೂ, ಬಹುಶಃ ನಿಮ್ಮಲ್ಲೂ. ಗಾಬರಿ ಬೇಡ, ಬಹುತೇಕ ಎಲ್ಲರಲ್ಲೂ ಅದು ಜೀವನಪೂರ್ತಿ ಸುಮ್ಮನೆ ಮಲಗಿರುತ್ತೆ. ಕೆಲವರಲ್ಲಿ ಮಾತ್ರ ಕ್ಯಾನ್ಸರಿನ ಜೊತೆ ಸೇರಿಕೊಳ್ಳುತ್ತೆ.

ಮಲಗಿರೋದು ಹೇಗೆ ಅನ್ನೋದೇ ಪ್ರಶ್ನೆ. ನಮ್ಮ ಜೀವಕೋಶಗಳು ಒಳಗೆ ತಯಾರಾಗುವ ಪ್ರೋಟೀನುಗಳ ತುಣುಕುಗಳನ್ನು ಹೊರಮೈಯಲ್ಲಿ ತೋರಿಸ್ತಾ ಇರುತ್ತವೆ. ಪರಕೀಯ ತುಣುಕು ಕಂಡರೆ ಟಿ-ಕೋಶಗಳು ಬಂದು ಆ ಜೀವಕೋಶವನ್ನೇ ಕೊಲ್ಲುತ್ತವೆ. ಹಾಗಾಗಿ ವೈರಸ್ ಪ್ರೋಟೀನ್ ತಯಾರಿಕೆಯನ್ನು ಆದಷ್ಟು ಕಡಿಮೆ ಮಾಡುತ್ತೆ. ಅದರ ಬದಲು ಸುಮಾರು 22 ಅಕ್ಷರಗಳ ಪುಟ್ಟ ಆರ್‌ಎನ್‌ಎ ತುಂಡುಗಳನ್ನು, ಅಂದರೆ ಮೈಕ್ರೋಆರ್‌ಎನ್‌ಎಗಳನ್ನು ಬಳಸುತ್ತೆ. ಇವುಗಳಿಂದ ಪ್ರೋಟೀನ್ ಹುಟ್ಟೋದಿಲ್ಲ, ಹಾಗಾಗಿ ಹೊರಗೆ ತೋರಿಸೋಕೆ ತುಣುಕೂ ಇಲ್ಲ. ಆದರೆ ಯಾವ ಸಂದೇಶವಾಹಕ ಆರ್‌ಎನ್‌ಎಯಲ್ಲಿ ತಮಗೆ ಹೊಂದುವ ಏಳೆಂಟು ಅಕ್ಷರ ಸಿಗುತ್ತೋ ಅದಕ್ಕೆ ಅಂಟಿಕೊಂಡು ಅದರ ಬಾಯಿ ಮುಚ್ಚಿಸುತ್ತವೆ.

ಒಂದನ್ನು ನೋಡಿ. ಹೆಸರು ಮಿರ್-ಬಾರ್ಟ್2. ಇದು ವೈರಸ್ಸಿನದೇ ಡಿಎನ್‌ಎ ನಕಲು ಮಾಡುವ ಕಿಣ್ವದ ಸಂದೇಶವನ್ನು ಕತ್ತರಿಸುತ್ತೆ. ತನ್ನ ಬೆಳವಣಿಗೆಗೆ ತಾನೇ ಕಡಿವಾಣ! ಅದೇ ತುಂಡು ನಮ್ಮ ಮಿಕ್-ಬಿ ಅನ್ನೋ ಪ್ರೋಟೀನನ್ನೂ ತಗ್ಗಿಸುತ್ತೆ. ಸಂಕಟದಲ್ಲಿರುವ ಜೀವಕೋಶ ಎನ್‌ಕೆ ಕೋಶಗಳನ್ನು ಕರೆಯೋಕೆ ಎತ್ತುವ ಬಾವುಟ ಅದು. ಮಿರ್-ಬಾರ್ಟ್5 ಅನ್ನೋದು ಪ್ಯೂಮಾ ಎಂಬ ಪ್ರೋಟೀನನ್ನು ತಡೆಯುತ್ತೆ. ಕೆಟ್ಟುಹೋದ ಜೀವಕೋಶ ತಾನಾಗಿ ಸಾಯೋಕೆ ಪ್ಯೂಮಾ ಬೇಕು. ಸಾಯಬೇಕಾದ್ದು ಸಾಯದೆ ಉಳಿದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ.

ಈಗ ನಮ್ಮ ಕಸುಬಿನ ವಿಷಯ. ಈ ವೈರಸ್ಸಿನ ಜೀನೋಮನ್ನು ಪೂರ್ತಿ ಓದಿದ್ದು 1984ರಲ್ಲಿ, ಸುಮಾರು 1,72,000 ಅಕ್ಷರ. ಓದಿದ್ದು ಬಿ95-8 ಅನ್ನೋ ಪ್ರಯೋಗಾಲಯದ ತಳಿಯನ್ನು. ಆ ತಳಿಯಲ್ಲಿ ಸುಮಾರು 12,000 ಅಕ್ಷರಗಳು ಕಳೆದುಹೋಗಿದ್ದವು. ಪ್ರಯೋಗಾಲಯದಲ್ಲಿ ಅದರಿಂದ ಏನೂ ಅಡಚಣೆ ಇರಲಿಲ್ಲ. ರಕ್ತದ ಬಿ-ಕೋಶಗಳನ್ನು ಅದು ಆರಾಮಾಗಿ ಅಮರ ಮಾಡ್ತಿತ್ತು, ಟೆಸ್ಟ್ ಎಲ್ಲ ಪಾಸ್. 2004ರಲ್ಲಿ ಫೆಫರ್, ಟುಶಲ್ ಮತ್ತು ಸಂಗಡಿಗರು ವೈರಸ್ಸಿನ ಮೈಕ್ರೋಆರ್‌ಎನ್‌ಎಗಳನ್ನು ಮೊದಲ ಬಾರಿ ಹಿಡಿದಾಗ, ಇದೇ ತಳಿ ತಗುಲಿದ ಜೀವಕೋಶಗಳಲ್ಲಿ ಸಿಕ್ಕಿದ್ದು ಐದೇ. ಎರಡು ವರ್ಷದಲ್ಲಿ ಬೇರೆ ತಳಿಗಳನ್ನು ಹುಡುಕಿದಾಗ ರಾಶಿ ಸಿಕ್ಕವು. ಇಂದಿನ ಲೆಕ್ಕ 44. ಬಾರ್ಟ್ ಗುಂಪಿನ ಬಹುಪಾಲು ಆ ಕಳೆದುಹೋದ ಭಾಗದಲ್ಲೇ ಇತ್ತು! ಇಪ್ಪತ್ತು ವರ್ಷ ಜಗತ್ತೆಲ್ಲ ಮಾದರಿ ಅಂತ ನಂಬಿದ ಪ್ರತಿಯಲ್ಲಿ ಅಷ್ಟು ದೊಡ್ಡ ತೂತು.

ಬಿ-ಕೋಶದ ಟೆಸ್ಟಿನಲ್ಲಿ ಅದು ಬೇಕಾಗಲಿಲ್ಲ ನಿಜ. ಆದರೆ ಮೂಗಿನ ಹಿಂಭಾಗದ ಗಂಟಲಿನ ಕ್ಯಾನ್ಸರ್, ಅಂದರೆ ನೇಸೋಫೆರಿಂಜಿಯಲ್ ಕಾರ್ಸಿನೋಮಾದಲ್ಲಿ ಬಾರ್ಟ್ ತುಂಡುಗಳು ಹೇರಳವಾಗಿ ತುಂಬಿರುತ್ತವೆ. ಅವೇ ಕ್ಯಾನ್ಸರ್ ತರುತ್ತವೆ ಅಂತ ಹೇಳೋಕಾಗಲ್ಲ, ಜೀನ್‌ಗಳ ಬದಲಾವಣೆಗಳೂ ಆಹಾರವೂ ಇದರಲ್ಲಿ ಸೇರಿವೆ. ಈ ಕಾಯಿಲೆ ದಕ್ಷಿಣ ಚೀನಾದಲ್ಲಿ ಹೆಚ್ಚು. ನಮ್ಮ ದೇಶದಲ್ಲಿ ಅಪರೂಪ, ಆದರೆ ನಾಗಾಲ್ಯಾಂಡಿನಲ್ಲಿ ಅಲ್ಲ. ಪುಣೆ, ಬೆಂಗಳೂರಿನ ಆಫೀಸುಗಳಲ್ಲಿ ನಮ್ಮ ಪಕ್ಕ ಕೂತು ಕೆಲಸ ಮಾಡೋ ನಾಗಾ ಗೆಳೆಯರ ಊರಿನ ಮಾತು ಇದು.

ಕತ್ತಿನಲ್ಲಿ ನೋವಿಲ್ಲದ ಗಂಟು, ಒಂದೇ ಕಿವಿ ಕಟ್ಟಿಕೊಂಡಿರೋದು, ಮೂಗಿನಲ್ಲಿ ರಕ್ತ. ಇವೇ ಲಕ್ಷಣಗಳು. ನೆಗಡಿ ಅಂತ ತಿಂಗಳುಗಟ್ಟಲೆ ಕಳೆದುಹೋಗುತ್ತೆ. ಬೇಗ ಸಿಕ್ಕರೆ ರೇಡಿಯೇಷನ್‌ಗೆ ಚೆನ್ನಾಗಿ ಬಗ್ಗುವ ಕ್ಯಾನ್ಸರ್ ಇದು. ಹಾಂಗ್‌ಕಾಂಗಿನಲ್ಲಿ ಲಕ್ಷಣವೇ ಇಲ್ಲದ 20,174 ಗಂಡಸರ ರಕ್ತದಲ್ಲಿ ವೈರಸ್ಸಿನ ಡಿಎನ್‌ಎ ಹುಡುಕಿ 34 ಮಂದಿಯ ಕ್ಯಾನ್ಸರ್ ಪತ್ತೆ ಮಾಡಿದರು, ಬಹುಪಾಲು ಆರಂಭದ ಹಂತದಲ್ಲೇ. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಬಾರ್ಟ್ ತುಂಡುಗಳೂ ರೋಗಿಗಳ ರಕ್ತಕ್ಕೆ ಸೋರುತ್ತವೆ. ಹಾಗಾಗಿ ಬಚ್ಚಿಟ್ಟುಕೊಳ್ಳೋಕೆ ಬಳಸಿದ ಉಪಾಯವೇ ಗುರುತು ಹಿಡಿಯೋಕೂ ಆಗುತ್ತಾ ಅಂತ ಪರೀಕ್ಷಿಸ್ತಾ ಇದ್ದಾರೆ.

ಪ್ರಶ್ನೆಗಳಿದ್ದರೆ ಕೇಳಿ, ಗೊತ್ತಿರೋಷ್ಟು ಹೇಳ್ತೀನಿ.