ನುಡಿಗೊಂದು ಸಂಜೆ ಬೇಕು



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ ಐರ್ಲೆಂಡಿನ ವಿದ್ಯಾರ್ಥಿ ಸಂಘಗಳು. ಆಂಧ್ರದ ಗಡಿಸೀಮೆಯ ಈ ಆಸ್ಪರಿಯಲ್ಲಿ ಕೂತು ಐರ್ಲೆಂಡಿನ ಮಾತೇಕೆ ಎಂದು ಕೆಲವರಿಗಾದರೂ ಅನ್ನಿಸಿರಬಹುದು. ಕಾರಣ ನಾವು ತಿಳಿದಿರುವುದಕ್ಕಿಂತ ಹತ್ತಿರದಲ್ಲಿದೆ. ಕುವೆಂಪು ಅವರು ಇಂಗ್ಲಿಷನ್ನು ಬಿಟ್ಟು ಕನ್ನಡದಲ್ಲಿ ಬರೆಯತೊಡಗಿದ್ದರ ಹಿಂದೆ ಒಬ್ಬ ಐರಿಶ್ ಕವಿಯ ಮಾತಿದೆ. ಆ ಕವಿ ಪಾಠ ಹೇಳಿದ್ದು, ಕೊನೆಗೆ ಕಣ್ಣು ಮುಚ್ಚಿದ್ದು ನಮ್ಮ ರಾಯಲಸೀಮೆಯ ಮದನಪಲ್ಲಿಯಲ್ಲಿ. ಆ ಕಥೆಗೆ ಬರುವ ಮುನ್ನ ಅವರ ನಾಡಿನಲ್ಲಿ ಏನು ನಡೆದಿತ್ತು ಎಂಬುದನ್ನು ಹೇಳಬೇಕು.

ಹತ್ತೊಂಬತ್ತನೆಯ ಶತಮಾನ ಐರಿಶ್ ನುಡಿಯ ಪಾಲಿಗೆ ಕಷ್ಟಕಾಲ. 1831ರಲ್ಲಿ ಅಲ್ಲಿ ಸರ್ಕಾರಿ ಶಾಲೆಗಳ ವ್ಯವಸ್ಥೆ ಬಂತು, ಕಲಿಕೆಯೆಲ್ಲ ಇಂಗ್ಲಿಷಿನಲ್ಲಿ. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ಬಡಿದು ಬರಗಾಲ ಬಿತ್ತು. ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಬರ ಹೆಚ್ಚು ಕಾಡಿದ್ದು ಪಶ್ಚಿಮದ ಬಡ ಹಳ್ಳಿಗಳನ್ನು. ಐರಿಶ್ ಆಡುತ್ತಿದ್ದವರೂ ಅವರೇ. ಹೊರನಾಡಿನಲ್ಲಿ ಕೂಲಿ ಸಿಗಬೇಕಾದರೆ ಇಂಗ್ಲಿಷ್ ಬೇಕು ಎಂದು ತಾಯಿತಂದೆಯರೇ ಮಕ್ಕಳ ಬಾಯಿಂದ ಮನೆಮಾತನ್ನು ಬಿಡಿಸಿದರು. ಮಗುವಿನ ಕೊರಳಿಗೆ ಒಂದು ಕೋಲು ಕಟ್ಟಿ, ಐರಿಶ್ ಮಾತಾಡಿದಾಗಲೆಲ್ಲ ಅದರಲ್ಲೊಂದು ಗೀರು ಹಾಕಿ, ಸಂಜೆ ಗೀರುಗಳನ್ನು ಎಣಿಸಿ ಹೊಡೆಯುವ ಪದ್ಧತಿಯೂ ಇತ್ತು. ಹಾಗೆ ಮಾಡಿದವರು ಮಕ್ಕಳ ವೈರಿಗಳಲ್ಲ. ಹಸಿವು ಕಂಡವರು, ಮಕ್ಕಳಾದರೂ ಉಣ್ಣಲಿ ಎಂದು ಬಯಸಿದವರು. ಸುಗ್ಗಿ ಮುಗಿದ ಮೇಲೆ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ, ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಗಂಟುಮೂಟೆ ಕಟ್ಟುವ ನಮ್ಮ ಸೀಮೆಯವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ಇಂಥ ಹೊತ್ತಿನಲ್ಲಿ ಡಗ್ಲಸ್ ಹೈಡ್ ಎಂಬ ವಿದ್ವಾಂಸರು 1892ರ ನವೆಂಬರಿನಲ್ಲಿ ಡಬ್ಲಿನ್ನಿನ ಸಾಹಿತ್ಯ ಸಂಘವೊಂದರಲ್ಲಿ ಉಪನ್ಯಾಸ ಕೊಟ್ಟರು. ನಮ್ಮತನವನ್ನು ನಾವೇ ಕೈಬಿಟ್ಟು ಅನುಕರಣೆಯಲ್ಲಿ ಮುಳುಗಿದ್ದೇವೆ, ನುಡಿಯನ್ನು ಮತ್ತೆ ಹಿಡಿಯೋಣ ಎಂಬುದು ಅದರ ಸಾರ. ಮರುವರ್ಷ, 1893ರ ಜುಲೈ 31ರಂದು, ನುಡಿಯನ್ನು ಉಳಿಸಲೆಂದು ಗೇಲಿಕ್ ಲೀಗ್ ಹುಟ್ಟಿತು, ಹೈಡ್ ಅದರ ಅಧ್ಯಕ್ಷರಾದರು. ಹೈಡ್ ಪ್ರಾಟೆಸ್ಟೆಂಟ್ ಪಾದ್ರಿಯ ಮಗ. ಅವರ ಮನೆಮಾತು ಇಂಗ್ಲಿಷ್. ಐರಿಶನ್ನು ಕಲಿತದ್ದು ಹುಡುಗನಾಗಿದ್ದಾಗ, ಊರಿನ ಬಡ ರೈತರ ಗುಡಿಸಲುಗಳಲ್ಲಿ. ಲೀಗು ಯಾವ ಪಕ್ಷಕ್ಕೂ ಯಾವ ಮತಕ್ಕೂ ಸೇರಬಾರದು ಎಂಬುದು ಅವರ ಹಟ. 1915ರಲ್ಲಿ ಅದು ರಾಜಕೀಯದ ಗುರಿ ಇಟ್ಟುಕೊಂಡಾಗ ಅಧ್ಯಕ್ಷ ಸ್ಥಾನವನ್ನೇ ಬಿಟ್ಟರು. 1938ರಲ್ಲಿ ನಾಡು ಅವರನ್ನೇ ಕರೆದು ಮೊದಲ ರಾಷ್ಟ್ರಪತಿಯನ್ನಾಗಿ ಮಾಡಿತು.

ಲೀಗು ಊರೂರಲ್ಲಿ ಪಾಠ ಶುರುಮಾಡಿತು. ವ್ಯಾಕರಣ ಕಲಿಸುವುದು ಸುಲಭ. ಕಲಿತ ಮಾತನ್ನು ಆಡುವುದು ಎಲ್ಲಿ, ಯಾರೊಡನೆ? ಇದಕ್ಕೆ ಉತ್ತರ ಕಂಡುಕೊಂಡವರು ವಲಸೆ ಹೋದವರು. ಲಂಡನ್ನಿನಲ್ಲಿದ್ದ ಸ್ಕಾಟ್ಲೆಂಡಿನವರು ಸಂಜೆ ಹೊತ್ತು ಸೇರಿ ಹಾಡಿ ಕುಣಿಯುವುದನ್ನು ಅಲ್ಲಿಯ ಐರಿಶ್ ಜನ ನೋಡಿದರು. ನಾವೂ ಯಾಕೆ ಹೀಗೆ ಸೇರಬಾರದು ಎಂದು 1897ರ ಅಕ್ಟೋಬರ್ 30ರಂದು ಬ್ಲೂಮ್ಸ್‌ಬರಿ ಹಾಲಿನಲ್ಲಿ ಲಂಡನ್ ಶಾಖೆಯ ವತಿಯಿಂದ ಒಂದು ಸಂಜೆಕೂಟ ಏರ್ಪಡಿಸಿದರು. 'ಕೇಲಿ' ಎಂದು ಕರೆಸಿಕೊಂಡ ಮೊದಲ ಕೂಟ ಅದೇ. ಇಂದು ಜಗತ್ತಿನಾದ್ಯಂತ ಐರಿಶ್ ಸಂಘಗಳು ನಡೆಸುವ ಕೇಲಿಗಳೆಲ್ಲ ಆ ಸಂಜೆಯ ಸಂತಾನ.

ಕೇಲಿಯ ಒಂದು ಕುಣಿತ ಹೇಗಿರುತ್ತದೆಂದು ಸ್ವಲ್ಪ ಹೇಳುತ್ತೇನೆ. ಎರಡು ಜೋಡಿಗಳು ಎದುರುಬದುರು ನಿಲ್ಲುತ್ತವೆ. ಮುಂದೆ ಬಂದು ಹಿಂದೆ ಸರಿದು, ಜಾಗ ಅದಲುಬದಲು ಮಾಡಿ, ಕೈಹಿಡಿದು ಒಂದು ಸುತ್ತು ತಿರುಗಿ, ಪ್ರತಿ ಜೋಡಿಯೂ ಮುಂದಿನ ಜೋಡಿಯನ್ನು ಎದುರುಗೊಳ್ಳುತ್ತದೆ. ಕೋಲಾಟ ಆಡಿದವರಿಗೆ ಈ ನಡೆ ಪರಿಚಿತ. ಒಂದು ಕುಣಿತ ಮುಗಿಯುವಷ್ಟರಲ್ಲಿ ನೀವು ಸಾಲಿನಲ್ಲಿರುವ ಎಷ್ಟೋ ಜನರ ಮುಖ ನೋಡಿ ನಕ್ಕಿರುತ್ತೀರಿ. ಹೆಜ್ಜೆ ಬರದವರಿಗೆ ಒಬ್ಬರು ನಿಂತು ಕೂಗಿ ಹೇಳಿಕೊಡುತ್ತಾರೆ. ಹೊಸಬನಿಗೆ ಅಂಜಿಕೆ ಹೋಗುತ್ತದೆ. ಅಂಜಿಕೆ ಹೋದಮೇಲೆ ಬಾಯಿ ಬರುತ್ತದೆ.

ಈ ಹುರುಪು ಕಾಲೇಜುಗಳಿಗೂ ಹಬ್ಬಿತು. ಡಬ್ಲಿನ್ನಿನ ಟ್ರಿನಿಟಿ ಕಾಲೇಜು 1592ರಲ್ಲಿ ಎಲಿಜಬೆತ್ ರಾಣಿಯ ಕಾಲದಲ್ಲಿ ಕಟ್ಟಿದ್ದು, ಇಂಗ್ಲಿಷ್ ಆಳ್ವಿಕೆಯ ಭದ್ರ ನೆಲೆ. ಅಂಥಲ್ಲೇ 1907ರಲ್ಲಿ ವಿದ್ಯಾರ್ಥಿಗಳು ಐರಿಶ್ ನುಡಿಯ ಸಂಘ ಕಟ್ಟಿದರು. 1914ರಲ್ಲಿ ಅವರು ದೇಶಭಕ್ತ ಕವಿ ಥಾಮಸ್ ಡೇವಿಸ್ ಅವರ ಜನ್ಮಶತಮಾನೋತ್ಸವ ಆಚರಿಸಲು ಹೊರಟಾಗ, ಸ್ವಾತಂತ್ರ್ಯವಾದಿ ಪ್ಯಾಟ್ರಿಕ್ ಪಿಯರ್ಸ್ ಭಾಷಣಕ್ಕೆ ಬರುತ್ತಾರೆಂಬ ಕಾರಣಕ್ಕೆ ಕಾಲೇಜಿನ ಮುಖ್ಯಸ್ಥ ಮಹಾಫಿ ಸಭೆಯನ್ನೇ ನಿಷೇಧಿಸಿದರು. ಆದರೂ ಆಚರಣೆ ನಿಲ್ಲಲಿಲ್ಲ, ಕಾಲೇಜಿನ ಹೊರಗೆ ನಡೆಯಿತು. ಪಿಯರ್ಸ್ ಮಾತಾಡಿದರು, ಕವಿ ಯೇಟ್ಸ್ ಮಾತಾಡಿದರು. ಹುಡುಗರ ಸಂಘವೆಂದರೆ ಕಾಲಹರಣ ಎನ್ನುವವರು ಈ ಪ್ರಸಂಗವನ್ನು ಗಮನಿಸಬೇಕು. ಆ ಹೊತ್ತಿಗಾಗಲೇ ಲೀಗಿನ ಚಳವಳಿಯ ಫಲವಾಗಿ, 1908ರಲ್ಲಿ ಸ್ಥಾಪನೆಯಾದ ಐರ್ಲೆಂಡಿನ ರಾಷ್ಟ್ರೀಯ ವಿಶ್ವವಿದ್ಯಾಲಯವು 1913ರಿಂದ ಪ್ರವೇಶಕ್ಕೆ ಐರಿಶನ್ನು ಕಡ್ಡಾಯ ಮಾಡಿತ್ತು. ಜನರ ಸಂಜೆಕೂಟ ಮೊದಲು ಬಂತು, ನಿಯಮ ಆಮೇಲೆ ಬಂತು.

ಇಂದಿಗೂ ಅಲ್ಲಿಯ ವಿದ್ಯಾರ್ಥಿ ಸಂಘಗಳ ಕೆಲಸ ಇದೇ ಬಗೆಯದು. ಚಹಾ ಕುಡಿಯುತ್ತ ಹರಟುವ ಗಂಟೆ, ಕೇಲಿ, ನಾಟಕ, ರಸಪ್ರಶ್ನೆ, ಪಿಟೀಲು ಕೊಳಲುಗಳ ಜೊತೆ ಆಡಿನ ಚರ್ಮ ಬಿಗಿದ ಬೌರಾನ್ ಬಡಿಯುವ ಮೇಳ. ಆ ಬೌರಾನ್ ನಮ್ಮ ಹಲಗೆಯ ಬಳಗದ್ದೇ. ಲೀಗು 1902ರಲ್ಲಿ ಆರಂಭಿಸಿದ ಐರಿಶ್ ಸಪ್ತಾಹ ಈಗ ಹಿಗ್ಗಿ, ಮಾರ್ಚ್ 17ರ ಸಂತ ಪ್ಯಾಟ್ರಿಕ್ ಹಬ್ಬದವರೆಗೆ ನಡೆಯುತ್ತದೆ. ಹೊರದೇಶಗಳ ವಿಶ್ವವಿದ್ಯಾಲಯಗಳ ಐರಿಶ್ ಸಂಘಗಳಲ್ಲಿ ಐರಿಶ್ ರಕ್ತವೇ ಇಲ್ಲದ ಗೆಳೆಯರೂ ಸದಸ್ಯರಾಗುತ್ತಾರೆ. ಎರಡು ಮಾತು ಬಂದರೆ ಎರಡೇ ಮಾತಾಡಿ, ತಪ್ಪಿದರೆ ಚಿಂತೆಯಿಲ್ಲ ಎಂಬುದು ಅವರ ನಡಾವಳಿ.

ಈಗ ಎರಡು ಅಂಕಿಗಳು. ಐರ್ಲೆಂಡಿನ 2022ರ ಜನಗಣತಿಯಲ್ಲಿ ನಮಗೆ ಐರಿಶ್ ಬರುತ್ತದೆ ಎಂದವರು ಸುಮಾರು 18 ಲಕ್ಷ 74 ಸಾವಿರ, ಅಂದರೆ ನೂರಕ್ಕೆ ನಲವತ್ತು. ಶಾಲೆಯ ಹೊರಗೆ ದಿನವೂ ಐರಿಶ್ ಆಡುತ್ತೇವೆ ಎಂದವರು ಸುಮಾರು 72 ಸಾವಿರ ಮಾತ್ರ. ನೂರು ವರ್ಷ ಶಾಲೆಯಲ್ಲಿ ಕಲಿಸಿದರೂ ಇಷ್ಟು ಅಂತರ. ಶಾಲೆ ನುಡಿಯನ್ನು ತಲೆಗೆ ಮುಟ್ಟಿಸಬಲ್ಲದು. ಅದನ್ನು ಆಡುವ ಸಲಿಗೆ ಹುಟ್ಟುವುದು ಗೆಳೆತನದಲ್ಲಿ. ಕಲಿತವರಿಗೆ ಆ ಗೆಳೆತನ ಒದಗಿಸುವುದೇ ವಿದ್ಯಾರ್ಥಿ ಸಂಘಗಳ ಕೆಲಸ.

ಇನ್ನು ಆ ಐರಿಶ್ ಕವಿಯ ಕಥೆ. ಜೇಮ್ಸ್ ಕಸಿನ್ಸ್ ಹುಟ್ಟಿದ್ದು 1873ರಲ್ಲಿ ಬೆಲ್‌ಫಾಸ್ಟಿನಲ್ಲಿ. ಡಬ್ಲಿನ್ನಿನಲ್ಲಿ ಯೇಟ್ಸ್ ಮೊದಲಾದವರ ಸಾಹಿತ್ಯ ಪುನರುತ್ಥಾನದ ನಡುವೆ ಕವಿಯಾಗಿ ಬೆಳೆದವರು. 1915ರಲ್ಲಿ ಆನಿ ಬೆಸೆಂಟರ ಕರೆಗೆ ಓಗೊಟ್ಟು ಪತ್ನಿ ಮಾರ್ಗರೆಟ್ ಜೊತೆ ಭಾರತಕ್ಕೆ ಬಂದರು. ಮುಂದೆ ಮದನಪಲ್ಲಿಯ ಥಿಯೊಸಾಫಿಕಲ್ ಕಾಲೇಜಿನ ಪ್ರಾಂಶುಪಾಲರಾದರು. 1919ರ ಫೆಬ್ರವರಿಯಲ್ಲಿ ರವೀಂದ್ರರು ಆ ಕಾಲೇಜಿಗೆ ಬಂದಾಗ ಜನಗಣಮನವನ್ನು ಅಲ್ಲೇ ಇಂಗ್ಲಿಷಿಗೆ ತಂದರು. ಮಾರ್ಗರೆಟ್ ಅದರ ರಾಗಕ್ಕೆ ಸ್ವರಲಿಪಿ ಬರೆದರು. ಅದಕ್ಕೆ ಕಾರಣವಾದದ್ದೂ ವಿದ್ಯಾರ್ಥಿಗಳ ಜೊತೆ ಕೂತು ಹಾಡುವ ಸಂಜೆಕೂಟವೇ.

1924ರಲ್ಲಿ ಕಸಿನ್ಸ್ ಮೈಸೂರಿಗೆ ಬಂದಿದ್ದರು. ಆಗಿನ್ನೂ ವಿದ್ಯಾರ್ಥಿಯಾಗಿದ್ದ ಪುಟ್ಟಪ್ಪನವರು, ಅಂದರೆ ನಮ್ಮ ಕುವೆಂಪು, ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಲು ಹೋದರು. ಎರಡು ವರ್ಷ ಮೊದಲೇ ಅವರ ಇಂಗ್ಲಿಷ್ ಕವಿತೆಗಳ ಪುಟ್ಟ ಪುಸ್ತಕವೂ ಬಂದಿತ್ತು. ಕಸಿನ್ಸ್ ಓದಿ, ನಿಮ್ಮ ನುಡಿಯಲ್ಲಿ ಏನು ಬರೆದಿದ್ದೀರಿ ಎಂದು ಕೇಳಿದರು. ಕನ್ನಡದಲ್ಲಿ ಹೊಸ ಭಾವಕ್ಕೆ ತಕ್ಕ ಛಂದಸ್ಸಿಲ್ಲ ಎಂದು ತರುಣ ಕವಿ ಅಳುಕಿದಾಗ, ಅಸಮರ್ಥವಾದ ನುಡಿಯೆಂಬುದಿಲ್ಲ, ಸಮರ್ಥನಾದವನು ಬಂದರೆ ಅದು ದಾರಿ ಬಿಡುತ್ತದೆ ಎಂಬರ್ಥದ ಮಾತಾಡಿ, ರವೀಂದ್ರರ ಬಂಗಾಳಿಯನ್ನು ತೋರಿಸಿದರು. ಕುವೆಂಪು ಇದನ್ನು ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ನುಡಿ ಸೊರಗಿದ ನಾಡಿನಿಂದ ಬಂದವರಿಗೆ ನುಡಿಯ ಬೆಲೆ ಗೊತ್ತಿತ್ತು.

ನಮ್ಮ ಕಡೆಯೂ ಈ ಕೆಲಸವನ್ನು ಸಂಘಗಳೇ ಮಾಡಿವೆ. 1911ರಲ್ಲಿ ಬಿ.ಎಂ.ಶ್ರೀಯವರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತಾಡಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ತರಗತಿಯೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲಕ್ಕೆ ಎ.ಆರ್. ಕೃಷ್ಣಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಕೂಡಿಸಿ ಕರ್ನಾಟಕ ಸಂಘ ಕಟ್ಟಿದರು. ಆ ಸಂಘ 1919ರಲ್ಲಿ ಹೊರತಂದ 'ಪ್ರಬುದ್ಧ ಕರ್ನಾಟಕ' ನವೋದಯದ ಬರಹಗಾರರಿಗೆ ಅಂಗಳವಾಯಿತು. ಜಿ.ಪಿ. ರಾಜರತ್ನಂ ಮುಂದೆ ವಿದ್ಯಾರ್ಥಿಗಳ ಬೆನ್ನಿಗೆ ನಿಂತು, ಪುಸ್ತಕದ ಹೊರೆ ಹೊತ್ತು ಮಾರಿ, ಓದುವ ರುಚಿ ಹಚ್ಚಿದರು. ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ನವರಾತ್ರಿಯ ದಿನಗಳನ್ನು ನಾಡಹಬ್ಬ ಮಾಡಿತು. ಎಲ್ಲ ಕಡೆಯೂ ಶುರುವಾದದ್ದು ನಾಲ್ಕಾರು ಗೆಳೆಯರಿಂದ.

ಈಗ ನಮ್ಮ ಊರಿಗೆ ಬರೋಣ. 1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಬಳ್ಳಾರಿ ಜಿಲ್ಲೆಯದು. ಅಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಹೋಯಿತು. ಗೆರೆ ಎಳೆದಾಗ ಹೆಣ್ಣು ತಂದ ಮನೆ ಒಂದು ಕಡೆ, ಕೊಟ್ಟ ಮನೆ ಇನ್ನೊಂದು ಕಡೆ ಉಳಿದವು. ಮಾತು ಮಾತ್ರ ಗೆರೆಯನ್ನು ಕೇಳಲಿಲ್ಲ. ವಿಜಯದಾಸರ ಕೊನೆಯ ನೆಲೆ ಪಕ್ಕದ ಚಿಪ್ಪಗಿರಿ. ಕಾರ್ತಿಕ ಶುದ್ಧ ದಶಮಿಯ ಆರಾಧನೆಗೆ ಅಲ್ಲಿ ಇಂದಿಗೂ ಕನ್ನಡದ ಕೀರ್ತನೆಗಳೇ. ಉರುಕುಂದಿ ಈರಣ್ಣನ ಶ್ರಾವಣದ ಜನಸಂದಣಿಯಲ್ಲಿ ಎರಡು ನುಡಿಗಳೂ ಬೆರೆತು ಕೇಳುತ್ತವೆ.

ಆದರೆ ನಮ್ಮ ಕೊರತೆ ಐರ್ಲೆಂಡಿನದಕ್ಕೆ ತಿರುಗುಮುರುಗು. ಅಲ್ಲಿ ಶಾಲೆಯಲ್ಲಿ ಓದಿದ ನುಡಿ ಮನೆಯಲ್ಲಿಲ್ಲ. ಇಲ್ಲಿ ಮನೆಯಲ್ಲಿ ಆಡುವ ನುಡಿಯನ್ನು ಓದಲು ಬರದು. ಗಡಿಯ ಕೆಲವು ಹಳ್ಳಿಗಳಲ್ಲಿ ಕನ್ನಡ ಶಾಲೆಗಳಿವೆ ನಿಜ. ಆದರೆ ಎಷ್ಟೋ ಮನೆಗಳಲ್ಲಿ ಅಜ್ಜಿಯೊಡನೆ ಕನ್ನಡದಲ್ಲಿ ಜಗಳವಾಡುವ ಹುಡುಗನಿಗೆ ಆ ಜಗಳದ ಒಂದು ಸಾಲನ್ನೂ ಕನ್ನಡದಲ್ಲಿ ಬರೆಯಲಾಗದು. ಓದಲಾಗದ ನುಡಿಯಲ್ಲಿ ತನಗೊಂದು ಪಾಲಿದೆ ಎಂದು ಅವನಿಗೆ ಅನ್ನಿಸುವುದಾದರೂ ಹೇಗೆ? ದಾಸರ ಪದ, ಬಯಲಾಟದ ಮಾತು ಅವನ ಕಿವಿಗೆ ಬಿದ್ದಿದ್ದರೂ, ಬೇಂದ್ರೆ, ಕುವೆಂಪು, ತೇಜಸ್ವಿ ಅವನಿಗೆ ಬೇರೆ ರಾಜ್ಯದವರಾಗಿ ಉಳಿದುಬಿಡುತ್ತಾರೆ.

ಆದ್ದರಿಂದ ವಿದ್ಯಾರ್ಥಿ ಮಿತ್ರರೆ, ನನ್ನ ಬೇಡಿಕೆ ನಿಮ್ಮಲ್ಲಿ. ಆದೋನಿಯಲ್ಲಿ ಓದುವವರಾಗಿರಿ, ಬಳ್ಳಾರಿಗೋ ಕರ್ನೂಲಿಗೋ ಬೆಂಗಳೂರಿಗೋ ಹೋಗಿ ಹಾಸ್ಟೆಲಿನಲ್ಲಿರುವವರಾಗಿರಿ, ತಿಂಗಳಿಗೊಂದು ಸಂಜೆಯನ್ನು ಕನ್ನಡಕ್ಕೆ ಇಡಿ. ಸರ್ಕಾರದ ಆದೇಶಕ್ಕೆ ಕಾಯಬೇಡಿ, ದೊಡ್ಡ ಅತಿಥಿಗಳನ್ನು ಹುಡುಕಬೇಡಿ. ಕೋಲಾಟ ಬಲ್ಲ ಹಿರಿಯರೊಬ್ಬರನ್ನು, ತತ್ವಪದ ಹಾಡುವ ತಾಯಿಯೊಬ್ಬರನ್ನು ಕರೆಯಿರಿ. ಹಾಡಿದ ಪದವನ್ನು ಅಂದೇ ಎಲ್ಲರೂ ಕೂತು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ತೆಲುಗು ಓದಬಲ್ಲವರಿಗೆ ಕನ್ನಡ ಲಿಪಿ ಹೊಸದಲ್ಲ. ಎರಡೂ ಒಂದೇ ಮೂಲದಿಂದ ಕವಲೊಡೆದವು, ಹೆಚ್ಚಿನ ಅಕ್ಷರಗಳು ನೋಡಿದೊಡನೆ ಗುರುತು ಸಿಗುತ್ತವೆ. ಐರಿಶ್ ಕಲಿಯುವವನು ವರ್ಷಗಟ್ಟಲೆ ಪಡುವ ಪಾಡು ನಿಮಗಿಲ್ಲ, ಏಕೆಂದರೆ ಮಾತು ಆಗಲೇ ನಿಮ್ಮ ನಾಲಿಗೆಯಲ್ಲಿದೆ.

ತೆಲುಗಿನ ಗೆಳೆಯರನ್ನು ತಪ್ಪದೆ ಕರೆಯಿರಿ. ಅವರ ಹಾಡಿಗೂ ಜಾಗವಿರಲಿ. ನುಡಿಯನ್ನು ಯಾರ ವಿರುದ್ಧವೂ ಎತ್ತಿ ಹಿಡಿಯಬೇಕಿಲ್ಲ. ಮನೆಮಾತು ಬೇರೆಯಾಗಿದ್ದ ಹೈಡ್ ಐರಿಶನ್ನು ಪ್ರೀತಿಯಿಂದ ಕಲಿತರು. ಕನ್ನಡ ಬಾರದ ಕಸಿನ್ಸ್ ಕನ್ನಡಕ್ಕೊಬ್ಬ ಮಹಾಕವಿ ದೊರೆಯುವಲ್ಲಿ ನೆರವಾದರು. ನಿಮ್ಮ ಪಕ್ಕದ ಬೆಂಚಿನ ಗೆಳೆಯನಿಂದಲೂ ಅಂಥದೇ ಉಪಕಾರ ಆಗಬಹುದು.

ಹಿರಿಯರಲ್ಲಿ ಒಂದೇ ವಿನಂತಿ. ಹುಡುಗರು ಸಂಜೆ ಸೇರಿ ಹಾಡಿ ಕುಣಿದರೆ ಓದು ಹಾಳಾಯಿತೆಂದು ಗದರಬೇಡಿ. ಅವರಿಗೊಂದು ಕೋಣೆ ಕೊಡಿ, ಒಂದು ಕಪಾಟು ಕನ್ನಡ ಪುಸ್ತಕ ಕೊಡಿ. ಐರ್ಲೆಂಡ್ ಒಂದು ನೂರ್ಮೂವತ್ತು ವರ್ಷಗಳಿಂದ ಪಡುತ್ತಿರುವ ಶ್ರಮ ನಮಗೆ ಕಲಿಸುವುದು ಇಷ್ಟು: ನುಡಿಯನ್ನು ಅಜ್ಜಿಯ ಬಾಯಿಂದ ಮೊಮ್ಮಗನ ಬಾಯಿಗೆ ದಾಟಿಸುವ ಕೆಲಸ, ಅಜ್ಜಿ ಇರುವಾಗಲೇ ಹಗುರ. ನಮ್ಮ ಅಜ್ಜಿಯರು ಇನ್ನೂ ಇದ್ದಾರೆ. ಮೊದಲ ಸಂಜೆ ಈ ತಿಂಗಳಲ್ಲೇ ನಡೆಯಲಿ.